ಕೋನಾ ಕಾಫಿಯ ಕಥೆ: ಬೀಜ ತನ್ನ ಊರು ಹೇಳಿದಾಗ

ಕಣದಲ್ಲಿ ಪಾರ್ಚ್‌ಮೆಂಟ್ ಒಣಗಿಸಿ, ಮೂಟೆ ಹೊಲಿದು ಲಾರಿಗೆ ಹಾಕಿದ ಮೇಲೆ ಅದು ನಮ್ಮ ತೋಟದ್ದು ಅಂತ ಹೇಳೋಕೆ ಏನು ಉಳಿಯುತ್ತೆ? ಚೀಲದ ಮೇಲಿನ ಗುರುತು, ಒಂದು ಬಿಲ್ಲು. ಎರಡನ್ನೂ ಯಾರು ಬೇಕಾದರೂ ಬದಲಾಯಿಸಬಹುದು. ಹವಾಯಿಯ ಕೋನಾ ಬೆಳೆಗಾರರಿಗೆ ಆಗಿದ್ದು ಇದೇ. ಅವರ ಕಥೆ ನಮಗೂ ಗೊತ್ತಿರಲಿ ಅಂತ ಬರೀತಿದೀನಿ, ಪುರುಸೊತ್ತಲ್ಲಿ ಓದಿ.

ಕೋನಾ ಅಂದ್ರೆ ಹವಾಯಿಯ ದೊಡ್ಡ ದ್ವೀಪದ ಪಶ್ಚಿಮದ ಇಳಿಜಾರು. ಮೇಲೆ ಹುವಲಾಲೈ, ಮೌನಾ ಲೋವಾ ಅಗ್ನಿಪರ್ವತಗಳು. ಅಲ್ಲಿ ಕಾಫಿ ಗಿಡ ನೆಟ್ಟದ್ದು 1828ರಲ್ಲಿ. ಬಹುತೇಕ ಸಣ್ಣ ಹಿಡುವಳಿಗಳು, ಕೈಯಲ್ಲೇ ಕೊಯ್ಲು. ಹೆಸರು ಬಂತು, ರೇಟೂ ಬಂತು. ಹಿಂದೆಯೇ ನಕಲಿಯೂ ಬಂತು.

1996ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ವ್ಯಾಪಾರಿ ಸಿಕ್ಕಿಬಿದ್ದ. ಪನಾಮಾ, ಕೋಸ್ಟರಿಕಾದ ಅಗ್ಗದ ಬೀಜ ತರಿಸಿ, ಚೀಲ ಬದಲಿಸಿ, ಕೋನಾ ಅಂತ ವರ್ಷಗಟ್ಟಲೆ ಮಾರಿದ್ದ. ಆಮೇಲೆ ತಪ್ಪೊಪ್ಪಿಕೊಂಡ. ಆದ್ರೆ ದಂಧೆ ಅಲ್ಲಿಗೆ ನಿಲ್ಲಲಿಲ್ಲ.

2019ರಲ್ಲಿ ಕೋನಾದ ಕೆಲವು ರೈತರು ಸಿಯಾಟಲ್‌ನ ಕೋರ್ಟಿಗೆ ಹೋದರು. ಕೋನಾದಲ್ಲಿ ವರ್ಷಕ್ಕೆ ಬೆಳೆಯೋದು ಸುಮಾರು 27 ಲಕ್ಷ ಪೌಂಡ್, ಆ ಹೆಸರಲ್ಲಿ ಮಾರಾಟ ಆಗೋದು 2 ಕೋಟಿ ಪೌಂಡ್, ಇದು ಹೇಗೆ ಸಾಧ್ಯ ಅನ್ನೋದು ಅವರ ಪ್ರಶ್ನೆ. ಲೆಕ್ಕ ಸರಿ, ಆದ್ರೆ ಅಂಗಡಿಯಲ್ಲಿರುವ ಇದೇ ಪ್ಯಾಕೆಟ್ ಸುಳ್ಳು ಅಂತ ತೋರಿಸೋದು ಹೇಗೆ? ಅದೂ ಹುರಿದ ಬೀಜದಲ್ಲಿ!

ಆ ಕೆಲಸ ಮಾಡಿದ್ದು ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿ ಜೇಮ್ಸ್ ಎಹ್ಲರಿಂಗರ್. ಅವರ ದಾರಿ ಸರಳ. ಹುರಿದರೆ ನೀರು ಹೋಗುತ್ತೆ, ಸಕ್ಕರೆ ಸುಡುತ್ತೆ, ತೂಕ ಇಳಿಯುತ್ತೆ. ಬೇರು ಮಣ್ಣಿಂದ ಹೀರಿಕೊಂಡ ಲೋಹಗಳು ಮಾತ್ರ ಆ ಬಿಸಿಗೆ ಹೋಗಲ್ಲ. ಅದಕ್ಕೆ ಅವರು ನೋಡಿದ್ದು ಒಂದಕ್ಕೊಂದರ ಅನುಪಾತ: ಸ್ಟ್ರಾನ್ಷಿಯಂಗೆ ಸತು ಎಷ್ಟು, ಬೇರಿಯಂಗೆ ನಿಕ್ಕಲ್ ಎಷ್ಟು. ತೂಕ ಇಳಿದರೂ ಅನುಪಾತ ಕೆಡಲ್ಲ. ಕೋನಾದ ಲಾವಾ ಮಣ್ಣಿನ ಬೀಜದ ಅನುಪಾತ ಒಂದು ಥರ, ಅಂಗಡಿಯ ಎಷ್ಟೋ ಪ್ಯಾಕೆಟ್‌ಗಳದ್ದು ಇನ್ನೊಂದು ಥರ ಬಂತು. ಕಂಪನಿಗಳು ಒಂದೊಂದಾಗಿ ರಾಜಿಗೆ ಬಂದವು. ಒಟ್ಟು ಮೊತ್ತ 4.1 ಕೋಟಿ ಡಾಲರ್ ದಾಟಿತು.

ಇದರಲ್ಲಿ ನಮಗೇನು? ಅದೇ 2019ರಲ್ಲಿ ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಜಿಐ ಟ್ಯಾಗ್ ಸಿಕ್ಕಿತು. ಖುಷಿಪಟ್ಟೆವು. ಆದ್ರೆ ಟ್ಯಾಗ್ ಕಾಗದ ಮಾತ್ರ. ನಾಳೆ ಬೇರೆ ಯಾರದೋ ಬೀಜ ನಮ್ಮ ಹೆಸರಲ್ಲಿ ಹೋದ್ರೆ, ಪ್ರಯೋಗಾಲಯದವರು ಮೊದಲು ಕೇಳೋದು "ನಿಮ್ಮ ಅಸಲಿ ಬೀಜ ಕೊಡಿ" ಅಂತ. ಮಷೀನಿಗೆ ಊರು ಗೊತ್ತಿರಲ್ಲ, ಹೋಲಿಸಿ ನೋಡೋದಷ್ಟೇ ಅದರ ಕೆಲಸ. ಅಸಲಿ ಇಲ್ಲದೆ ನಕಲಿ ಸಾಬೀತಾಗಲ್ಲ.

ಬಾಬಾಬುಡನ್ ಸಾಲಿನ ಕಬ್ಬಿಣದ ಕಲ್ಲು ಬೇರೆ, ಕೋನಾದ ಲಾವಾ ಬೇರೆ. ಆದ್ರೆ ನಮ್ಮ ನಮ್ಮ ಊರುಗಳ ನಡುವೆ ಎಷ್ಟು ವ್ಯತ್ಯಾಸ ಸಿಗುತ್ತೆ ಅನ್ನೋದನ್ನ ಅಳತೆ ಮಾಡಿಯೇ ನೋಡಬೇಕು. ಒಂದು ತೋಟದ ಬೀಜ ಸಾಲದು, ಊರೂರಿಂದ, ವರ್ಷ ವರ್ಷದ್ದೂ ಬೇಕು.

ಈ ಸಲದಿಂದ ನಾನು ಪ್ರತಿ ಬ್ಲಾಕಿನ ಅರ್ಧ ಕೆಜಿ ಒಣ ಬೀಜ ಡಬ್ಬಿಯಲ್ಲಿ ಎತ್ತಿಡ್ತಿದೀನಿ. ಮೇಲೆ ಕೊಯ್ದ ತಾರೀಕು, ಬ್ಲಾಕು, ಆ ವರ್ಷ ಹಾಕಿದ ಸುಣ್ಣ ಗೊಬ್ಬರ ಬರೆದಿದೀನಿ. ನೀವೂ ಎತ್ತಿಡಿ. ಅರ್ಧ ಕೆಜಿಗೆ ಯಾರೂ ಬಡವರಾಗಲ್ಲ.