ಗಂಟಲು ಬದಲಾದ ಬ್ಯಾಂಡು

ಗಿಟಾರಿಸ್ಟ್ ಬಿಟ್ಟುಹೋದ್ರೆ ಅರ್ಧ ಅಭಿಮಾನಿಗಳಿಗೆ ಗೊತ್ತೇ ಆಗಲ್ಲ. ಹಾಡೋನು ಹೋದ್ರೆ ಮಾತ್ರ ಬ್ಯಾಂಡೇ ಬೇರೆ ಅನ್ನಿಸಿಬಿಡುತ್ತೆ. ಒಂದು ಪದವೂ ನೆಟ್ಟಗೆ ಕೇಳಿಸದ ಡೆತ್ ಮೆಟಲ್‌ನಲ್ಲೂ ಹೀಗೇನಾ? ಹೌದು. ಬೇಕಿದ್ರೆ ಕ್ಯಾನಿಬಲ್ ಕಾರ್ಪ್ಸ್‌ನ ‘ವೈಲ್’ ಕೇಳಿ.

1988ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಹುಟ್ಟಿದ ಈ ಬ್ಯಾಂಡಿಗೆ ಕ್ರಿಸ್ ಬಾರ್ನ್ಸ್ ಬರೀ ಗಾಯಕನಾಗಿರಲಿಲ್ಲ. ಕೊಲೆ, ಕೊಳೆತ ಹೆಣಗಳ ಆ ಸಾಹಿತ್ಯ ಬಹುಪಾಲು ಅವನದ್ದೇ. ರಕ್ತ ತೊಟ್ಟಿಕ್ಕುವ ಲೋಗೋ ಕೂಡ ಅವನ ಕೈಯದ್ದೇ. 1994ರಲ್ಲಿ ಜಿಮ್ ಕ್ಯಾರಿಯ ‘ಏಸ್ ವೆಂಚುರಾ’ ಸಿನಿಮಾದಲ್ಲಿ ಬ್ಯಾಂಡ್ ಮುಖ ತೋರಿಸಿತು. ಮರುವರ್ಷ ಸೆನೆಟರ್ ಬಾಬ್ ಡೋಲ್ ಹಾಲಿವುಡ್ಡನ್ನು ಝಾಡಿಸಿದ ಭಾಷಣದಲ್ಲಿ ಇವರ ಹೆಸರನ್ನೂ ಎತ್ತಿದರು. ಇದಕ್ಕಿಂತ ಪುಕ್ಕಟೆ ಪ್ರಚಾರ ಬೇಕಾ!

ಆ 1995ರಲ್ಲೇ ‘ಕ್ರಿಯೇಟೆಡ್ ಟು ಕಿಲ್’ ಅನ್ನೋ ಹೆಸರಲ್ಲಿ ಹೊಸ ಆಲ್ಬಮ್ ಕೆಲಸ ನಡೀತಿತ್ತು. ಬಾರ್ನ್ಸ್ ಅಷ್ಟರಲ್ಲಿ ಸಿಕ್ಸ್ ಫೀಟ್ ಅಂಡರ್ ಎಂಬ ಇನ್ನೊಂದು ಬ್ಯಾಂಡ್ ಕಟ್ಟಿಕೊಂಡಿದ್ದ. ಅವನ ಹಾಡಿಕೆ ಉಳಿದವರಿಗೆ ಸರಿಬರಲಿಲ್ಲ. ಅರ್ಧ ದಾರಿಯಲ್ಲೇ ಅವನನ್ನು ಕೈಬಿಟ್ಟರು. ಹೆಸರು ಮಾಡಿದ ಮುಖವನ್ನೇ, ಅದೂ ಸ್ಟುಡಿಯೋ ಕೆಲಸದ ನಡುವೆ ಹೊರಹಾಕೋದು ಸಣ್ಣ ಜೂಜಲ್ಲ.

ಬಂದವನು ಮಾನ್‌ಸ್ಟ್ರಾಸಿಟಿ ಬ್ಯಾಂಡಿನ ಜಾರ್ಜ್ ಫಿಶರ್, ಅಡ್ಡಹೆಸರು ಕಾರ್ಪ್ಸ್‌ಗ್ರೈಂಡರ್. ಬಾರ್ನ್ಸ್‌ನದ್ದು ಬಾವಿಯ ತಳದಿಂದ ಬರುವ ಗುಟುರು. ಫಿಶರ್‌ನದ್ದು ವೇಗ, ಪದಗಳು ಮಷಿನ್‌ಗನ್ ಥರ ಬಿಡಿಬಿಡಿಯಾಗಿ ಬೀಳ್ತವೆ, ಮೇಲಿನ ಕಿರುಚಾಟವೂ ಅವನಿಗೆ ಸಲೀಸು. ‘ವೈಲ್’ನ ಮೊದಲ ಹಾಡು ಶುರುವಾಗೋದೇ ಅವನ ಉದ್ದದ ಚೀರಾಟದಿಂದ. ಹೊಸಬ ವಿಸಿಟಿಂಗ್ ಕಾರ್ಡ್ ಕೊಟ್ಟ ಹಾಗೆ! ಸಾಹಿತ್ಯ ಈಗ ಬ್ಯಾಂಡಿನ ಉಳಿದವರ ಪಾಲಿಗೆ ಬಂತು. ಲೋಗೋ ಕೂಡ ಬದಲಾಯ್ತು.

1996ರ ಮೇನಲ್ಲಿ ಬಂದ ಆಲ್ಬಮ್ ಬಿಲ್‌ಬೋರ್ಡ್ 200ರಲ್ಲಿ 151ನೇ ಸ್ಥಾನ ಮುಟ್ಟಿತು. ಈ ಜಾತಿಯ ಸಂಗೀತಕ್ಕೆ ಅದು ದೊಡ್ಡ ಮಾತೇ. ಹಾಗಂತ ‘ವೈಲ್’ ಇವರ ಅತ್ಯುತ್ತಮ ಕೆಲಸ ಅಂತ ನಾನು ಹೇಳಲಾರೆ. ಬೇರೆಯವನ ಗಂಟಲಿಗೆ ಹೊಲಿದ ಅಂಗಿಯನ್ನು ಫಿಶರ್ ತೊಟ್ಟಂತೆ ಕೆಲವೆಡೆ ಅನ್ನಿಸುತ್ತೆ. ಬಾರ್ನ್ಸ್ ಹಾಡಿದ ಆ ಕಾಲದ ಡೆಮೊಗಳು 2003ರ ಬಾಕ್ಸ್ ಸೆಟ್‌ನಲ್ಲಿ ಹೊರಬಂದವು. ಎರಡನ್ನೂ ಒಂದರ ಹಿಂದೊಂದು ಕೇಳಿದಾಗ ನನಗೆ ಪಾಪ ಅನ್ನಿಸಿದ್ದು ಬಾರ್ನ್ಸ್ ಬಗ್ಗೆ: ಸಂಗೀತ ಓಡ್ತಾ ಇದೆ, ಅವನ ಗಂಟಲು ಹಿಂದೆ ಉಳಿದಿದೆ.

ಫಿಶರ್ ಮುಂದೆ ಬಾರ್ನ್ಸ್‌ಗಿಂತ ಎಷ್ಟೋ ಹೆಚ್ಚು ವರ್ಷ ಬ್ಯಾಂಡಿನಲ್ಲಿ ಹಾಡಿದ. ಆದರೂ ಶೋಗಳಲ್ಲಿ ಜನ ಕೇಳ್ತಾ ಇದ್ದದ್ದು 1992ರ ‘ಹ್ಯಾಮರ್ ಸ್ಮ್ಯಾಶ್ಡ್ ಫೇಸ್’, ಬಾರ್ನ್ಸ್ ಕಾಲದ ಹಾಡು. ಫಿಶರ್ ಅದನ್ನೂ ಹಾಡ್ತಾ ಬಂದ.