ಕಲ್ಪತರು ನಾಡಿನ ದನಿಮುದ್ರಣ: ಕಹಳೆಯಿಂದ ಜೋಡಿ ಮೈಕಿನವರೆಗೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಕಲ್ಪತರು ನಾಡೆಂದು ಕರೆಯುವುದು ರೂಢಿ. ಈ ಸೀಮೆಯ ಚರಿತ್ರೆ ಎಂದೊಡನೆ ಅದರ ತೆಂಗು, ಕೊಬ್ಬರಿ, ಕೆರೆ, ದೇಗುಲ ಮತ್ತು ಶಾಸನಗಳು ಮುಂದೆ ಬರುತ್ತವೆಯೇ ಹೊರತು, ಇಲ್ಲಿನ ಹಾಡು, ವಾದ್ಯ ಮತ್ತು ಆಟಗಳ ದನಿ ಯಾವಾಗ, ಯಾರ ಕೈಯಿಂದ, ಯಾವ ಯಂತ್ರದಲ್ಲಿ ದಾಖಲಾಯಿತು ಎಂಬ ಪ್ರಶ್ನೆ ಅಪರೂಪಕ್ಕೆ ಏಳುತ್ತದೆ. ಆ ಪ್ರಶ್ನೆಯನ್ನು ಹಿಡಿದು ನೂರಿಪ್ಪತ್ತು ವರ್ಷಗಳ ಹಿನ್ನೋಟ ಹರಿಸಿದರೆ ಕಾಣುವುದು ಇಷ್ಟು: ಪ್ರತಿಯೊಂದು ಕಾಲದಲ್ಲೂ ಯಂತ್ರದ ಅಳತೆಗೆ ಹಾಡು ಒಗ್ಗಬೇಕಾಯಿತು, ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಈ ಸೀಮೆಯ ಕಲೆಗಳು ಆ ಅಳತೆಗೆ ಒಗ್ಗದೆ ಬಹುಕಾಲ ಹೊರಗುಳಿದವು, ಮೊಬೈಲ್ ಫೋನಿಗೆ ಹೊರಗಿನಿಂದ ಜೋಡಿಸುವ ಒಂದು ಜೊತೆ ಮೈಕುಗಳು ಬಂದ ಮೇಲಷ್ಟೇ ಆ ಅಡ್ಡಿ ಬಹುಮಟ್ಟಿಗೆ ನೀಗಿತು.

ಕಿವಿಗೊಟ್ಟು ತೀರ್ಮಾನಿಸುವ ಅಭ್ಯಾಸ ಈ ನಾಡಿನ ಬೇಸಾಯದಲ್ಲಿಯೇ ಬೆರೆತಿದೆ. ತಿಪಟೂರಿನ ಮಾರುಕಟ್ಟೆಗೆ ದೇಶದಾದ್ಯಂತ ಹೆಸರು ತಂದ ಉಂಡೆ ಕೊಬ್ಬರಿಯನ್ನು ಮಾಡಲು ಬಲಿತ ಕಾಯಿಗಳನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಅದು ಗಿಟುಕಾಗುತ್ತದೆ. ಆಗಿದೆಯೋ ಇಲ್ಲವೋ ಎಂಬುದನ್ನು ಒಡೆದು ನೋಡದೆ, ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ನೀರಿನ ಕುಲುಕು ನಿಂತು ಗಟ್ಟಿಯಾದ ಲೊಟಲೊಟ ಸದ್ದು ಬರುವುದನ್ನು ಕೇಳಿ ತಿಳಿಯುತ್ತಾರೆ.

ಇಲ್ಲಿನ ಸಂಗೀತದ ಅತಿ ಹಳೆಯ ದಾಖಲೆಗಳಲ್ಲೊಂದು ಕಲ್ಲಿನದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ, 9ನೆಯ ಶತಮಾನದ ನೊಳಂಬರ ಕಾಲದ್ದೆಂದು ವಿದ್ವಾಂಸರು ಗುರುತಿಸುವ ಕಲ್ಲೇಶ್ವರ ದೇವಾಲಯದ ಒಳಛಾವಣಿಯಲ್ಲಿ ನರ್ತಿಸುವ ಶಿವನೂ ಅವನ ಜೊತೆಗೆ ವಾದ್ಯಗಾರರೂ ಸುತ್ತಲೂ ಅಷ್ಟದಿಕ್ಪಾಲಕರೂ ಇದ್ದಾರೆ. ಯಾವ ವಾದ್ಯ ಕುಣಿಯುವವನ ಯಾವ ಪಕ್ಕದಲ್ಲಿದೆ ಎಂಬುದನ್ನು ಶಿಲ್ಪಿ ಬಿಡದೆ ತೋರಿಸಿದ್ದಾನೆ. ಮುಂದೆ ಸಾವಿರ ವರ್ಷಗಳ ಬಳಿಕ ಬಂದ ದನಿಯಂತ್ರಗಳು ಮೊದಲು ಕೈಬಿಟ್ಟದ್ದು ಈ ಪಕ್ಕಗಳ ವಿವರವನ್ನೇ.

ಆ ವಿವರಕ್ಕೆ ಈ ಸೀಮೆಯ ಕಲೆಗಳಲ್ಲಿ ವಿಶೇಷ ಬೆಲೆಯಿದೆ. ಗ್ರಾಮದೇವತೆಗಳ ಜಾತ್ರೆಗಳಲ್ಲಿ ನಡೆಯುವ ಸೋಮನ ಕುಣಿತದಲ್ಲಿ ಮರದಿಂದ ಕೆತ್ತಿ ಬಣ್ಣ ಬಳಿದ ದೊಡ್ಡ ಮುಖವಾಡಗಳನ್ನು ಹೊತ್ತ ಸೋಮಗಳು ಬೀದಿಯುದ್ದಕ್ಕೂ ಕುಣಿಯುತ್ತ ಸಾಗಿದರೆ, ಚರ್ಮವಾದ್ಯಗಳೂ, ಊದುವ ಮೌರಿಯೂ, ಅದಕ್ಕೆ ಶ್ರುತಿ ಹಿಡಿಯುವ ಸದ್ದೆಯೂ ಅವುಗಳ ಜೊತೆಗೇ ಚಲಿಸುತ್ತವೆ. ಕರಾವಳಿಯ ಪಡುವಲಪಾಯಕ್ಕಿಂತ ಭಿನ್ನವಾದ, ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದಲ್ಲಿ ವೇಷಧಾರಿ ರಂಗದ ಮುಂದಿದ್ದರೆ ಭಾಗವತ, ಮದ್ದಳೆ, ತಾಳ ಮತ್ತು ಪುಟ್ಟ ಊದುವಾದ್ಯವಾದ ಮುಖವೀಣೆಯ ಹಿಮ್ಮೇಳ ಹಿಂದಿರುತ್ತದೆ. ಪದ ಹಿಂದಿನಿಂದ, ಗೆಜ್ಜೆ ಮತ್ತು ಮಾತು ಮುಂದಿನಿಂದ ಬರುತ್ತವೆ. ಚಿಕ್ಕನಾಯಕನಹಳ್ಳಿ, ಶಿರಾ ಮತ್ತು ಚಿತ್ರದುರ್ಗದ ಕಡೆಯ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಥೆಯನ್ನು ಹಾಡುವಾಗ ಬಿದಿರಿನ ಉದ್ದನೆಯ ಕೊಳಲಾದ ಗಣೆಯನ್ನು ನುಡಿಸುತ್ತಾರೆ. ಉಸಿರಿನ ಸದ್ದೂ ಸ್ವರವೂ ಬೆರೆತ ಅದರ ನಾದ ದೂರದ ಮೈಕಿಗೆ ಸುಲಭವಾಗಿ ಸಿಕ್ಕುವಂಥದಲ್ಲ.

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಆರಂಭವಾಯಿತು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆಗ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದ. ವಿದ್ಯುತ್ತಿನ ಮೈಕು ಇನ್ನೂ ಬಂದಿರದ ಆ ಕಾಲದಲ್ಲಿ ಹಾಡುವವರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಒತ್ತಡ ಕಹಳೆಯ ತುದಿಯ ತೆಳು ಪೊರೆಯನ್ನು ಅಲುಗಿಸಿ, ಅದಕ್ಕಂಟಿದ ಮೊಳೆ ಮೇಣದ ಮೇಲೆ ಗೀರೆಳೆಯುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಬೆಂಗಳೂರು ನಾಗರತ್ನಮ್ಮ, ವೀಣೆ ಶೇಷಣ್ಣ ಮೊದಲಾದವರ ಸಂಗೀತ ಹೀಗೆ ತಟ್ಟೆಗೆ ಇಳಿಯಿತು. ಸಂಜೆ ಚೌಕಿಪೂಜೆಯಿಂದ ತೊಡಗಿ ಬೆಳಗಿನ ಮಂಗಳದವರೆಗೆ ನಡೆಯುವ ಮೂಡಲಪಾಯದ ಪ್ರಸಂಗಕ್ಕೆ ಆ ಮೂರು ನಿಮಿಷದಲ್ಲಿ ಜಾಗವಿರಲಿಲ್ಲ; ಡೊಳ್ಳು, ತಮಟೆಗಳಂಥ ವಾದ್ಯಗಳ ಹೊಡೆತ ಮೊಳೆಯನ್ನು ಗೀರಿನಿಂದ ಎಗರಿಸುವ ಅಪಾಯವೂ ಇತ್ತು. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬಂದು ಮೈಕು ಕಹಳೆಯ ಸ್ಥಾನವನ್ನು ಪಡೆದ ಮೇಲೂ ಕಾಲದ ಮಿತಿ ಹಾಗೆಯೇ ಉಳಿಯಿತು. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯ ರಂಗಗೀತೆಗಳಂಥವು ಚಿಕ್ಕದಾಗಿ ಕತ್ತರಿಸಲು ಬರುವಂಥವಾದ್ದರಿಂದ ಪ್ಲೇಟಿಗೆ ಹೊಂದಿದವು, ಬಯಲಾಟ ಹೊಂದಲಿಲ್ಲ.

ಆಕಾಶವಾಣಿ ಈ ಮಿತಿಯನ್ನು ಸ್ವಲ್ಪ ಸಡಿಲಿಸಿತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಕೇಂದ್ರವೂ, 1955ರಲ್ಲಿ ಬಂದ ಬೆಂಗಳೂರು ಕೇಂದ್ರವೂ ಹಳ್ಳಿಯ ಹಾಡುಗಾರರಿಗೆ ಅವಕಾಶ ಕೊಟ್ಟವು. ಆದರೆ ಕಲಾವಿದರು ಊರು ಬಿಟ್ಟು ನಗರದ ಸ್ಟುಡಿಯೋಗೆ ಹೋಗಬೇಕಿತ್ತು, ಅಲ್ಲಿನ ಮೆತ್ತೆ ಹೊದಿಸಿದ ಗೋಡೆಗಳ ನಡುವೆ ನಿಗದಿಯಾದ ನಿಮಿಷಗಳಲ್ಲಿ ಮುಗಿಸಬೇಕಿತ್ತು. ಪ್ರಸಾರವಾಗುತ್ತಿದ್ದದ್ದು ಮೋನೊ, ಎಂದರೆ ಎಲ್ಲ ದನಿಗಳನ್ನೂ ಒಂದೇ ವಾಹಿನಿಯಲ್ಲಿ ಕೂಡಿಸಿದ ಏಕಮುಖದ ದನಿ.

ಸ್ಪೂಲ್ ಟೇಪಿನ ಯಂತ್ರಗಳು ಬಂದ ಮೇಲೆ ದಾಖಲೆ ಮಾಡುವವರೇ ಹಳ್ಳಿಗೆ ಹೋಗುವುದು ಸಾಧ್ಯವಾಯಿತು. ಮೂಡಲಪಾಯದ ಕಡೆಗೆ ವಿದ್ವಾಂಸರ ಗಮನ ಸೆಳೆದವರಲ್ಲಿ ಜೀ.ಶಂ. ಪರಮಶಿವಯ್ಯನವರದು ಮುಖ್ಯವಾದ ಹೆಸರು. ಕಾಡುಗೊಲ್ಲರ ಸಂಪ್ರದಾಯಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದವರು ತೀ.ನಂ. ಶಂಕರನಾರಾಯಣ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ರೂಪಿಸಿ ಕಲೆಗಳ ಧ್ವನಿ ಮತ್ತು ದೃಶ್ಯ ದಾಖಲೆಗೂ ಅಲ್ಲಿ ನೆಲೆ ಕೊಟ್ಟರು. ಆ ತಲೆಮಾರಿನ ಸಂಗ್ರಹಕಾರರ ದುಡಿಮೆ ದೊಡ್ಡದು. ಆದರೂ ಅವರಲ್ಲಿ ಬಹುಪಾಲು ಜನರ ಗುರಿ ಪಠ್ಯ. ಹಾಡು ಪುಸ್ತಕಕ್ಕೆ ಇಳಿದ ಮೇಲೆ ಟೇಪು ಸಾಧನವಾಗಿಯಷ್ಟೇ ಉಳಿಯುತ್ತಿತ್ತು. ಹಾಡಿನ ಮಾತುಗಳು ಹೀಗೆ ಗ್ರಂಥಾಲಯ ಸೇರಿದವು; ಮೌರಿ ಯಾವ ಸ್ವರದಲ್ಲಿ ಎದ್ದಿತು, ಮದ್ದಳೆ ಎಲ್ಲಿ ತಡೆದು ನಿಂತಿತು ಎಂಬುದು ಅಚ್ಚಿಗೆ ನಿಲುಕದೆ ಉಳಿಯಿತು.

ಎರಡು ಕಿವಿಗಳಿಗೆ ಎರಡು ವಾಹಿನಿಗಳನ್ನು ಒದಗಿಸುವ ಸ್ಟೀರಿಯೊದ ಯೋಚನೆ ಈ ಟೇಪುಗಳಿಗಿಂತ ಹಳೆಯದು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾನ್ ಅಡೇರ್ ಎಂಬಾತ ಒಪೆರಾ ರಂಗದ ಸಂಗೀತವನ್ನು ಜೋಡಿ ಟೆಲಿಫೋನುಗಳ ಮೂಲಕ ಕೇಳಿಸಿದ್ದ. 1931ರ ಡಿಸೆಂಬರಿನಲ್ಲಿ ಲಂಡನ್ನಿನ ಇಂಜಿನಿಯರ್ ಅಲನ್ ಬ್ಲೂಮ್‌ಲೈನ್ ಇದನ್ನು ಮುದ್ರಣಕ್ಕೆ ಅಳವಡಿಸುವ ಪೇಟೆಂಟಿಗೆ ಅರ್ಜಿ ಸಲ್ಲಿಸಿದ. ಇದರ ತತ್ತ್ವ ಸರಳವಾದದ್ದು: ಮನುಷ್ಯನ ಕಿವಿಗಳ ನಡುವಿನ ಅಂತರ ಸುಮಾರು 17 ಸೆಂಟಿಮೀಟರ್ ಆಗಿರುವುದರಿಂದ ಎಡಗಡೆಯಿಂದ ಬಂದ ದನಿ ಎಡಗಿವಿಯನ್ನು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅರ್ಧದಷ್ಟು ಮುಂಚಿತವಾಗಿಯೂ ಸ್ವಲ್ಪ ಜೋರಾಗಿಯೂ ತಲುಪುತ್ತದೆ, ಈ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗ್ರಹಿಸುತ್ತದೆ. ಬ್ಲೂಮ್‌ಲೈನ್ ಎರಡು ಮೈಕುಗಳನ್ನು ಒಂದೇ ಬಿಂದುವಿನಲ್ಲಿ 90 ಡಿಗ್ರಿ ಕೋನದಲ್ಲಿ ಇರಿಸಿ ಜೋರಿನ ವ್ಯತ್ಯಾಸವನ್ನು ಹಿಡಿದ. ಮುಂದೆ ಫ್ರಾನ್ಸಿನ ಪ್ರಸಾರ ಸಂಸ್ಥೆಯವರು ಮೈಕುಗಳನ್ನು 17 ಸೆಂಟಿಮೀಟರ್ ದೂರದಲ್ಲಿ, 110 ಡಿಗ್ರಿ ಕೋನದಲ್ಲಿ ಇಟ್ಟು ಜೋರು ಮತ್ತು ಕಾಲ ಎರಡರ ವ್ಯತ್ಯಾಸವನ್ನೂ ಬಳಸಿಕೊಂಡರು. 1950ರ ದಶಕದ ಕೊನೆಗೆ ಸ್ಟೀರಿಯೊ ತಟ್ಟೆಗಳು ಪಶ್ಚಿಮದ ಅಂಗಡಿಗಳಿಗೆ ಬಂದವು.

ಕನ್ನಡದ ಹಳ್ಳಿಗಳಿಗೆ ಸ್ಟೀರಿಯೊ ಬಂದದ್ದು ಕ್ಯಾಸೆಟ್ಟಿನ ಮೂಲಕ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಪುಟ್ಟ ಪೆಟ್ಟಿಗೆ 1980ರ ದಶಕದಲ್ಲಿ ಮದುವೆ ಮನೆ, ಹೋಟೆಲು, ಬಸ್ಸುಗಳನ್ನೆಲ್ಲ ಆವರಿಸಿತು. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ರಾಗ ಸಂಯೋಜನೆಯಲ್ಲಿ ಬಂದ ‘ನಿತ್ಯೋತ್ಸವ’ ಭಾವಗೀತೆಗಳ ಧ್ವನಿಸುರುಳಿ ಯುಗಕ್ಕೆ ನಾಂದಿ ಹಾಡಿತು. ಜನಪದ ಗೀತೆಗಳೂ ಕ್ಯಾಸೆಟ್ಟಾದವು, ಆದರೆ ಅವುಗಳ ಸ್ಟೀರಿಯೊ ಬಹುಮಟ್ಟಿಗೆ ಸ್ಟುಡಿಯೋದಲ್ಲಿ ಕಟ್ಟಿದ್ದು: ಗಾಯಕ ನಡುವೆ, ಕೀಬೋರ್ಡು ಒಂದು ಪಕ್ಕ, ತಾಳವಾದ್ಯ ಇನ್ನೊಂದು ಪಕ್ಕ. ಊರಿನವರು ತಮ್ಮ ಟೇಪ್‌ರೆಕಾರ್ಡರಿನಲ್ಲಿ ಜಾತ್ರೆಯನ್ನು ತುಂಬಿಕೊಂಡರೂ ಅದರೊಳಗಿನ ಒಂದೇ ಮೈಕು, 45 ನಿಮಿಷಕ್ಕೊಮ್ಮೆ ಮಗ್ಗುಲು ತಿರುಗಿಸಬೇಕಾದ ಸುರುಳಿ ಮತ್ತು ಧ್ವನಿವರ್ಧಕದ ಅಬ್ಬರದಿಂದಾಗಿ ದಾಖಲೆ ತುಣುಕು ತುಣುಕಾಯಿತು.

ಸ್ಮಾರ್ಟ್‌ಫೋನ್ ಬಂದಾಗಲೂ ಪರಿಸ್ಥಿತಿ ಒಮ್ಮೆಗೇ ಬದಲಾಗಲಿಲ್ಲ. ಅದರ ಒಳಮೈಕು ಮಾತಿಗಾಗಿ ರೂಪುಗೊಂಡದ್ದು. ದನಿ ಜೋರಾದಾಗ ತಗ್ಗಿಸಿ, ಕ್ಷೀಣವಾದಾಗ ಏರಿಸುವ ಸ್ವಯಂಚಾಲಿತ ವ್ಯವಸ್ಥೆಯೊಂದು ಅದರಲ್ಲಿ ಕೆಲಸ ಮಾಡುವುದರಿಂದ ತಮಟೆಯ ಮೊದಲ ಪೆಟ್ಟಿಗೆ ಮೌರಿ ಅಡಗಿ, ಪೆಟ್ಟು ನಿಂತೊಡನೆ ಜನರ ಗದ್ದಲ ಉಬ್ಬಿ ಬರುತ್ತದೆ. ಹಳೆಯ ಫೋನುಗಳ ಇಯರ್‌ಫೋನ್ ತೂತಿಗೆ ಹೊರಗಿನ ಮೈಕನ್ನು ಸಿಕ್ಕಿಸಬಹುದಿತ್ತಾದರೂ, ನಾಲ್ಕು ಬಳೆಗಳ ಆ ಪ್ಲಗ್ಗಿನಲ್ಲಿ ಎರಡು ಕೇಳುವ ವಾಹಿನಿಗಳಿಗೂ ಒಂದು ಗ್ರೌಂಡ್ ತಂತಿಗೂ ಮೀಸಲಾಗಿ, ಮೈಕಿಗೆ ಉಳಿಯುತ್ತಿದ್ದದ್ದು ಒಂದೇ ತಂತಿ. ಎಂಥ ಜೋಡಿ ಮೈಕನ್ನು ಹಾಕಿದರೂ ಒಳಗೆ ಹೋಗುತ್ತಿದ್ದದ್ದು ಮೋನೊ. ದನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಚಾರ್ಜಿಂಗ್ ಕಿಂಡಿಯ ಮೂಲಕ, ಎಂದರೆ ಯುಎಸ್‌ಬಿ ಅಥವಾ ಆಪಲ್ ಫೋನುಗಳ ಲೈಟ್ನಿಂಗ್ ಕಿಂಡಿಯ ಮೂಲಕ, ಕಳಿಸುವ ಮೈಕುಗಳು ಬಂದ ಮೇಲೆ ಎರಡು ವಾಹಿನಿಗಳೂ ಬೇರೆಬೇರೆಯಾಗಿ ಫೋನನ್ನು ಸೇರತೊಡಗಿದವು. ಟೈಪ್-ಸಿ ಎಂಬ ಕಿಂಡಿಯ ವಿನ್ಯಾಸ 2014ರಲ್ಲಿ ಪ್ರಕಟವಾಯಿತು. 2023ರಲ್ಲಿ ಐಫೋನ್ ಕೂಡ ಅದಕ್ಕೆ ಬದಲಾದ್ದರಿಂದ ಒಂದೇ ಮೈಕು ಎಲ್ಲ ಕಡೆ ಬಳಕೆಗೆ ಬರುವಂತಾಯಿತು.

ಇಂಥ ಮೈಕುಗಳಲ್ಲಿ ಸಾಮಾನ್ಯವಾಗಿರುವುದು ಬ್ಲೂಮ್‌ಲೈನ್ ತತ್ತ್ವದ ಅಡ್ಡಜೋಡಿಯೇ. ಹಳ್ಳಿಯ ಬಳಕೆಗೆ ಅದು ಸರಿಯಾದ ಆಯ್ಕೆಯೂ ಹೌದು, ಏಕೆಂದರೆ ಕೇಳುವವರಲ್ಲಿ ಹೆಚ್ಚಿನವರು ಒಂದೇ ಸ್ಪೀಕರಿನ ಫೋನಿನಲ್ಲಿ ಕೇಳುತ್ತಾರೆ. ದೂರದೂರ ಇಟ್ಟ ಮೈಕುಗಳ ದನಿಯನ್ನು ಒಂದಾಗಿ ಕೂಡಿಸಿದಾಗ ಕೆಲವು ಸ್ವರಗಳು ಪರಸ್ಪರ ಅಳಿಸಿಹೋಗುವ ದೋಷ ಒಂದೇ ಬಿಂದುವಿನ ಜೋಡಿಯಲ್ಲಿ ಇಲ್ಲ. ಮೂಡಲಪಾಯಕ್ಕೆ ಮೈಕನ್ನು ರಂಗದ ನಟ್ಟನಡುವಿನ ಎದುರಿಗೆ, ಧ್ವನಿವರ್ಧಕದ ಪೆಟ್ಟಿಗೆಗಳಿಗಿಂತ ರಂಗಕ್ಕೆ ಹತ್ತಿರವಾಗಿ ಇಡಬೇಕಾಗುತ್ತದೆ, ಇಲ್ಲವಾದರೆ ಭಾಗವತನ ಪದ ಅವನಿರುವ ಜಾಗದಿಂದ ಬರುವ ಬದಲು ಪೆಟ್ಟಿಗೆಯಿಂದ ಬರುತ್ತದೆ. ಸೋಮನ ಕುಣಿತಕ್ಕಾದರೆ ಮೈಕನ್ನು ಬೀದಿಯ ಪಕ್ಕದಲ್ಲಿ ನಿಲ್ಲಿಸಿ ಅಲುಗಿಸದಿರುವುದು ಒಳ್ಳೆಯದು. ಮೇಳ ಎಡದಿಂದ ಬಂದು ಬಲಕ್ಕೆ ಹಾದುಹೋಗುವುದೇ ದಾಖಲೆಯ ಮುಖ್ಯ ಅಂಶ. ತೆಂಗಿನ ತೋಟದ ಬದಿಯಲ್ಲಿ ಸದಾ ಗಾಳಿಯಾಡುವುದರಿಂದ ಮೈಕಿಗೆ ತುಪ್ಪಳದ ಗವಸು ಬೇಕೇಬೇಕು. ಫೋನನ್ನು ಏರೋಪ್ಲೇನ್ ಸ್ಥಿತಿಯಲ್ಲಿ ಇಡದಿದ್ದರೆ ಒಂದು ಕರೆ ಬಂದರೂ ಮುದ್ರಣ ನಿಲ್ಲಬಹುದು.

ಕಾಲದ ಮಿತಿಯೂ ಈಗ ಹೆಚ್ಚುಕಡಿಮೆ ಇಲ್ಲವಾಗಿದೆ. ಸೆಕೆಂಡಿಗೆ 48,000 ಮಾದರಿಗಳಂತೆ 24 ಬಿಟ್ ಆಳದಲ್ಲಿ, ಸಂಕುಚಿಸದೆ ಸ್ಟೀರಿಯೊ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 17 ಮೆಗಾಬೈಟ್ ಬೇಕು. ಎಂಟು ಗಂಟೆಗಳ ಪ್ರಸಂಗ ಸುಮಾರು ಎಂಟು ಗಿಗಾಬೈಟಿನಲ್ಲಿ ಮುಗಿಯುತ್ತದೆ. ಸಾಮಾನ್ಯ ವೇವ್ ಕಡತದ ಗರಿಷ್ಠ ಗಾತ್ರ ನಾಲ್ಕು ಗಿಗಾಬೈಟ್ ಆಗಿರುವುದರಿಂದ ನಡುರಾತ್ರಿಯ ಹೊತ್ತಿಗೆ ಒಮ್ಮೆ ನಿಲ್ಲಿಸಿ ಹೊಸ ಕಡತ ಆರಂಭಿಸಿದರೆ ಸಾಕು. ಮೂರು ನಿಮಿಷದ ತಟ್ಟೆಗೆ ಹೋಲಿಸಿದರೆ ಇದು ಅಳತೆಗೇ ಸಿಗದ ಬದಲಾವಣೆ.

ಆದರೆ ಯಂತ್ರ ಒದಗಿಸಿದ್ದನ್ನು ಅಭ್ಯಾಸ ಕೆಡಿಸಬಲ್ಲದು. ಆರ್ನಾಲ್ಡ್ ಬಾಕ ಎಂಬ ಡಚ್ ಸಂಗೀತಶಾಸ್ತ್ರಜ್ಞ 1938ರಲ್ಲಿ ತಮಿಳುನಾಡು, ಕೇರಳ ಮತ್ತು ಕರ್ನಾಟಕದ ಕೆಲವೆಡೆ ಮಾಡಿದ ಮುದ್ರಣಗಳನ್ನು ಹಿಡಿದು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಮತ್ತೆ ಆ ಪ್ರದೇಶಗಳಿಗೆ ಹೋಗಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ಪರಿಶೀಲಿಸಿದರು. ಎಲ್ಲಿ, ಯಾವಾಗ ಮುದ್ರಿಸಿದ್ದು ಎಂಬ ಗುರುತು ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಇಂದು ಕಲ್ಪತರು ನಾಡಿನ ಜಾತ್ರೆಗಳಲ್ಲಿ ಮುದ್ರಣವಾಗುವ ಕಡತಗಳು ವಾಟ್ಸ್ಯಾಪಿನಲ್ಲಿ ಹರಿದಾಡುತ್ತ, ಸಂಕುಚಿತವಾಗುತ್ತ, ಕೊನೆಗೆ ಊರಿನ ಹೆಸರೂ ಕಲಾವಿದರ ಹೆಸರೂ ಇಲ್ಲದ ಅನಾಥ ತುಣುಕುಗಳಾಗುತ್ತಿವೆ. 1994ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯ ಕಾಯಿದೆ ಪ್ರದರ್ಶನಕಾರರ ಹಕ್ಕನ್ನು ಮಾನ್ಯ ಮಾಡಿದೆ. ಮೌರಿ ಊದುವವರಿಗೂ ಗಣೆ ನುಡಿಸುವವರಿಗೂ ಆ ಹಕ್ಕು ಅನ್ವಯಿಸುತ್ತದೆ.

ಆದ್ದರಿಂದ ಮೈಕು ಕೊಳ್ಳುವ ತರುಣರು ಅದರ ಜೊತೆಗೆ ನಾಲ್ಕು ಕೆಲಸಗಳನ್ನು ರೂಢಿಸಿಕೊಳ್ಳಬೇಕು: ಮುದ್ರಿಸುವ ಮೊದಲು ಮೇಳದವರ ಒಪ್ಪಿಗೆ ಪಡೆಯುವುದು, ಆರಂಭದಲ್ಲಿಯೇ ಊರು, ತಿಥಿ, ಪ್ರಸಂಗ ಮತ್ತು ಕಲಾವಿದರ ಹೆಸರುಗಳನ್ನು ಬಾಯಿಬಿಟ್ಟು ಹೇಳಿ ಕಡತದೊಳಗೇ ಸೇರಿಸುವುದು, ಮೂಲ ಕಡತವನ್ನು ಸಂಕುಚಿಸದೆ ಎರಡು ಕಡೆ ಕಾಪಿಡುವುದು, ಒಂದು ಪ್ರತಿಯನ್ನು ಮೇಳಕ್ಕೇ ಹಿಂದಿರುಗಿಸುವುದು. ಹಿಂದಿನ ತಲೆಮಾರುಗಳಿಗೆ ಇರದಿದ್ದ ಅನುಕೂಲ ಈಗ ಜೇಬಿನಲ್ಲಿರುವಾಗ, ಈ ಸೀಮೆಯ ಕಲೆ ದಾಖಲಾಗದೆ ಹೋದರೆ ಅದರ ಹೊಣೆಯನ್ನು ಇನ್ನು ಯಂತ್ರದ ಮೇಲೆ ಹೊರಿಸಲು ಬರುವುದಿಲ್ಲ.