ದೈನಂದಿನ ಕ್ಯಾಲೊರಿ ಅಗತ್ಯದ ಅಂದಾಜು

ದೈನಂದಿನ ಕ್ಯಾಲೊರಿ ಅಗತ್ಯದ ಅಂದಾಜು ಎಂಬುದು ಒಬ್ಬ ವ್ಯಕ್ತಿಯ ದೇಹವು ಇಪ್ಪತ್ತನಾಲ್ಕು ಗಂಟೆಗಳಲ್ಲಿ ವ್ಯಯಿಸುವ ಶಕ್ತಿಯನ್ನು ಲೆಕ್ಕಹಾಕುವ ವಿಧಾನ. ತೂಕ ಇಳಿಸಬಯಸುವವರು ದಿನಕ್ಕೆ ಎಷ್ಟು ಆಹಾರ ಸೇವಿಸಬೇಕೆಂಬುದನ್ನು ನಿರ್ಧರಿಸಲು ಇದನ್ನು ಬಳಸುತ್ತಾರೆ. ವಯಸ್ಸು, ಲಿಂಗ, ಎತ್ತರ, ತೂಕ ಮತ್ತು ದೈಹಿಕ ಚಟುವಟಿಕೆಗಳು ಈ ಲೆಕ್ಕದ ಆಧಾರಗಳು. ಸೂತ್ರದಿಂದ ದೊರೆಯುವ ಸಂಖ್ಯೆಯು ಹಲವರ ಸರಾಸರಿಯನ್ನು ಅವಲಂಬಿಸಿರುವುದರಿಂದ, ಅದನ್ನು ಆರಂಭದ ಅಂದಾಜೆಂದು ಪರಿಗಣಿಸಿ, ಕೆಲವು ವಾರಗಳ ತೂಕದ ಬದಲಾವಣೆಯನ್ನು ಗಮನಿಸಿ ತಿದ್ದಿಕೊಳ್ಳುವುದು ಅಗತ್ಯ.

ಕ್ಯಾಲೊರಿ ಎಂಬ ಮಾನ

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಒಂದು ಕ್ಯಾಲೊರಿ. ಆಹಾರದ ವಿಷಯದಲ್ಲಿ ರೂಢಿಯಾಗಿ ಕ್ಯಾಲೊರಿ ಎಂದು ಕರೆಯುವುದು ವಾಸ್ತವವಾಗಿ ಕಿಲೊಕ್ಯಾಲೊರಿ, ಅಂದರೆ ಇದರ 1000 ಪಟ್ಟು. ಒಂದು ಕಿಲೊಕ್ಯಾಲೊರಿಯು 4.184 ಕಿಲೊಜೌಲ್‌ಗಳಿಗೆ ಸಮ. ಅಮೆರಿಕದ ವಿಜ್ಞಾನಿ ವಿಲ್ಬರ್ ಆಟ್‌ವಾಟರ್ ಅವರ ಸಂಶೋಧನೆಯಿಂದ ಬಳಕೆಗೆ ಬಂದ ಗುಣಾಂಕಗಳ ಪ್ರಕಾರ ಒಂದು ಗ್ರಾಂ ಶರ್ಕರಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4, ಕೊಬ್ಬಿನಿಂದ 9, ಮದ್ಯಸಾರದಿಂದ 7 ಕಿಲೊಕ್ಯಾಲೊರಿ ಶಕ್ತಿ ದೊರೆಯುತ್ತದೆ.

ಶಕ್ತಿಯ ವ್ಯಯ

ದೇಹದ ಶಕ್ತಿವ್ಯಯದಲ್ಲಿ ಮೂರು ಭಾಗಗಳಿವೆ. ಹೃದಯದ ಬಡಿತ, ಉಸಿರಾಟ, ಮೆದುಳಿನ ಕಾರ್ಯ ಮೊದಲಾದವುಗಳಿಗೆ ಸಂಪೂರ್ಣ ವಿಶ್ರಾಂತಿಯ ಸ್ಥಿತಿಯಲ್ಲಿಯೂ ಬೇಕಾಗುವ ಶಕ್ತಿಯನ್ನು ತಳಮಟ್ಟದ ಚಯಾಪಚಯ ದರ ಎನ್ನುತ್ತಾರೆ. ಕುಳಿತು ಕೆಲಸ ಮಾಡುವವರಲ್ಲಿ ಇದೇ ಅತಿ ದೊಡ್ಡ ಭಾಗ. ಆಹಾರವನ್ನು ಜೀರ್ಣಿಸಿಕೊಂಡು ಸಂಗ್ರಹಿಸಲು ಖರ್ಚಾಗುವುದು ಒಟ್ಟು ವ್ಯಯದ ಸುಮಾರು ಹತ್ತನೆಯ ಒಂದು ಭಾಗ. ಉಳಿದದ್ದು ನಡಿಗೆ, ಮನೆಗೆಲಸ, ದುಡಿಮೆ, ವ್ಯಾಯಾಮಗಳಿಗೆ ವಿನಿಯೋಗವಾಗುತ್ತದೆ. ಈ ಮೂರನೆಯ ಭಾಗವೇ ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಬದಲಾಗುವಂಥದ್ದು.

ಸೂತ್ರಗಳು

ಉಸಿರಾಟದಲ್ಲಿ ಬಳಕೆಯಾಗುವ ಆಮ್ಲಜನಕವನ್ನು ಅಳೆದು ಚಯಾಪಚಯ ದರವನ್ನು ನಿಖರವಾಗಿ ತಿಳಿಯಬಹುದಾದರೂ ಅದಕ್ಕೆ ವಿಶೇಷ ಉಪಕರಣ ಬೇಕು. ಆದ್ದರಿಂದ ಸೂತ್ರಗಳು ಬಳಕೆಗೆ ಬಂದವು. ಅಮೆರಿಕದ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಅವರ 1919ರ ಕೃತಿಯಲ್ಲಿರುವ ಸೂತ್ರ ಬಹುಕಾಲ ಪ್ರಚಲಿತವಾಗಿತ್ತು. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸೂತ್ರ ಇಂದು ಹೆಚ್ಚು ಬಳಕೆಯಲ್ಲಿದೆ. ಅದರಂತೆ ವಿಶ್ರಾಂತಿಯ ಸ್ಥಿತಿಯ ದೈನಿಕ ವ್ಯಯ ಹೀಗಿರುತ್ತದೆ:

ಪುರುಷರಿಗೆ: (10 × ತೂಕ) + (6.25 × ಎತ್ತರ) − (5 × ವಯಸ್ಸು) + 5
ಮಹಿಳೆಯರಿಗೆ: (10 × ತೂಕ) + (6.25 × ಎತ್ತರ) − (5 × ವಯಸ್ಸು) − 161

ಇಲ್ಲಿ ತೂಕವು ಕಿಲೊಗ್ರಾಂಗಳಲ್ಲಿಯೂ ಎತ್ತರವು ಸೆಂಟಿಮೀಟರುಗಳಲ್ಲಿಯೂ ವಯಸ್ಸು ವರ್ಷಗಳಲ್ಲಿಯೂ ಇರಬೇಕು. ದೊರೆತ ಮೊತ್ತವನ್ನು ಚಟುವಟಿಕೆಯ ಗುಣಾಂಕದಿಂದ ಗುಣಿಸಿದರೆ ಇಡೀ ದಿನದ ವ್ಯಯ ಸಿಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯ ವರ್ಗೀಕರಣದಲ್ಲಿ ಈ ಗುಣಾಂಕವು ಕುಳಿತು ಕೆಲಸ ಮಾಡುವವರಿಗೆ 1.40ರಿಂದ 1.69, ಮಧ್ಯಮ ಶ್ರಮದವರಿಗೆ 1.70ರಿಂದ 1.99, ಕಠಿಣ ಶ್ರಮದವರಿಗೆ 2.00ರಿಂದ 2.40.

ಉದಾಹರಣೆ

68 ಕಿಲೊಗ್ರಾಂ ತೂಕ, 155 ಸೆಂಟಿಮೀಟರ್ ಎತ್ತರದ, 40 ವರ್ಷದ ಮಹಿಳೆಯೊಬ್ಬರು ಕಚೇರಿಯಲ್ಲಿ ಕುಳಿತು ಕೆಲಸ ಮಾಡುತ್ತಾರೆಂದು ಭಾವಿಸೋಣ. ಸೂತ್ರದ ಪ್ರಕಾರ 680 + 968.75 − 200 − 161 = 1287.75, ಅಂದರೆ ಸುಮಾರು 1288 ಕಿಲೊಕ್ಯಾಲೊರಿ. ಇದನ್ನು 1.4ರಿಂದ ಗುಣಿಸಿದರೆ ದಿನದ ವ್ಯಯ ಸುಮಾರು 1800 ಆಗುತ್ತದೆ. ಇಷ್ಟನ್ನೇ ಸೇವಿಸಿದರೆ ತೂಕ ಸ್ಥಿರವಾಗಿರುತ್ತದೆಂಬುದು ಲೆಕ್ಕ. ದಿನಕ್ಕೆ 500 ಕಡಿಮೆ ಮಾಡಿದರೆ 1300 ಉಳಿಯುತ್ತದೆ.

ಅದೇ ಮಹಿಳೆ ತಮ್ಮ ಚಟುವಟಿಕೆಯನ್ನು ಹೆಚ್ಚಾಗಿ ಎಣಿಸಿ 1.6 ಗುಣಾಂಕವನ್ನು ಆರಿಸಿಕೊಂಡರೆ ಉತ್ತರ ಸುಮಾರು 2060 ಬರುತ್ತದೆ. ಈ ಒಂದು ಆಯ್ಕೆಯಿಂದಲೇ ಸುಮಾರು 260 ಕಿಲೊಕ್ಯಾಲೊರಿಗಳ ವ್ಯತ್ಯಾಸ ಉಂಟಾಗಿ, ಉದ್ದೇಶಿತ ಕಡಿತದ ಅರ್ಧಕ್ಕಿಂತ ಹೆಚ್ಚು ಭಾಗ ಇಲ್ಲವಾಗುತ್ತದೆ.

ಭಾರತೀಯರ ಅಗತ್ಯ

ಪಾಶ್ಚಾತ್ಯರನ್ನೇ ಹೆಚ್ಚಾಗಿ ಅಳೆದು ರೂಪಿಸಿದ ಸೂತ್ರಗಳು ಭಾರತೀಯರ ವ್ಯಯವನ್ನು ಕೊಂಚ ಹೆಚ್ಚಾಗಿ ತೋರಿಸುವ ಸಾಧ್ಯತೆಯಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಭಾರತೀಯರ ತಳಮಟ್ಟದ ಚಯಾಪಚಯ ದರವನ್ನು ಕುರಿತು ಮಹತ್ವದ ಅಧ್ಯಯನಗಳನ್ನು ನಡೆಸಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಕುಳಿತು ಕೆಲಸ ಮಾಡುವ ವಯಸ್ಕ ಪುರುಷರಿಗೆ ದಿನಕ್ಕೆ ಸುಮಾರು 2110, ಮಹಿಳೆಯರಿಗೆ 1660 ಕಿಲೊಕ್ಯಾಲೊರಿ ಬೇಕು. ಮಧ್ಯಮ ಶ್ರಮದವರಿಗೆ ಇದು ಕ್ರಮವಾಗಿ 2710 ಮತ್ತು 2130. ಈ ಅಂಕಿಗಳು 65 ಕಿಲೊಗ್ರಾಂ ತೂಕದ ಪುರುಷ ಹಾಗೂ 55 ಕಿಲೊಗ್ರಾಂ ತೂಕದ ಮಹಿಳೆಯನ್ನು ಮಾದರಿಯಾಗಿಟ್ಟುಕೊಂಡವು. ಅಧಿಕ ತೂಕವುಳ್ಳವರಿಗೆ ಇವು ನೇರವಾಗಿ ಅನ್ವಯಿಸುವುದಿಲ್ಲ.

ಕಡಿತ ಮತ್ತು ತೂಕದ ಇಳಿಕೆ

ಒಂದು ಕಿಲೊಗ್ರಾಂ ತೂಕ ಇಳಿಯಲು 7700 ಕಿಲೊಕ್ಯಾಲೊರಿಗಳ ಕೊರತೆಯಾಗಬೇಕೆಂಬ ನಿಯಮ ಪ್ರಸಿದ್ಧವಾಗಿದೆ. ಒಂದು ಪೌಂಡಿಗೆ 3500 ಎಂದು ಮ್ಯಾಕ್ಸ್ ವಿಶ್ನೋಫ್‌ಸ್ಕಿ 1958ರಲ್ಲಿ ಪ್ರಕಟಿಸಿದ ಲೆಕ್ಕವೇ ಇದರ ಮೂಲ. ಇದರಂತೆ ದಿನಕ್ಕೆ 500ರ ಕೊರತೆಯಿಂದ ವಾರಕ್ಕೆ ಸುಮಾರು 0.45 ಕಿಲೊಗ್ರಾಂ ಇಳಿಯಬೇಕು. ಆದರೆ ಈ ನಿಯಮವು ದೀರ್ಘಕಾಲಕ್ಕೆ ಹೊಂದುವುದಿಲ್ಲ. ತೂಕ ಇಳಿದಂತೆ ದೇಹದ ವ್ಯಯವೂ ಇಳಿಯುತ್ತದೆ. ಮೇಲಿನ ಮಹಿಳೆಯ ತೂಕ 60 ಕಿಲೊಗ್ರಾಂಗೆ ಬಂದಾಗ ದಿನದ ವ್ಯಯ ಸುಮಾರು 1690 ಆಗುವುದರಿಂದ, ಅದೇ 1300ರ ಆಹಾರದಲ್ಲಿ ಕೊರತೆಯು 390ಕ್ಕೆ ಇಳಿದಿರುತ್ತದೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಗಣಿತೀಯ ಮಾದರಿಯ ಪ್ರಕಾರ, ದಿನಕ್ಕೆ ಸುಮಾರು 24 ಕಿಲೊಕ್ಯಾಲೊರಿಯ ಶಾಶ್ವತ ಕಡಿತದಿಂದ ಕೊನೆಗೆ ಒಂದು ಕಿಲೊಗ್ರಾಂ ಇಳಿಯುತ್ತದೆ. ಅದರಲ್ಲಿ ಅರ್ಧದಷ್ಟು ಇಳಿಯಲು ಸುಮಾರು ಒಂದು ವರ್ಷ ಬೇಕಾಗುತ್ತದೆ.

ಲೆಕ್ಕ ತಪ್ಪುವ ಸಂದರ್ಭಗಳು

ಸೂತ್ರದ ದೋಷಕ್ಕಿಂತ ಸೇವನೆಯ ಎಣಿಕೆಯ ದೋಷ ದೊಡ್ಡದಾಗಿರಬಹುದು. 1200 ಕಿಲೊಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲವೆಂದು ಹೇಳುತ್ತಿದ್ದ ಸ್ಥೂಲಕಾಯದವರ ಗುಂಪೊಂದನ್ನು ಪರೀಕ್ಷಿಸಿ 1992ರಲ್ಲಿ ಲಿಕ್ಟ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಚಯಾಪಚಯ ಸಹಜವಾಗಿಯೇ ಇತ್ತು. ಆದರೆ ಅವರು ತಮ್ಮ ಸೇವನೆಯನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ವರದಿಮಾಡಿದ್ದರು.

ಮನೆಯಡುಗೆಯಲ್ಲಿ ಇಂಥ ತಪ್ಪು ಸುಲಭವಾಗಿ ನುಸುಳುತ್ತದೆ. ಒಗ್ಗರಣೆಯ 5 ಗ್ರಾಂ ಎಣ್ಣೆಯಲ್ಲಿ ಸುಮಾರು 45 ಕಿಲೊಕ್ಯಾಲೊರಿ ಇರುವುದರಿಂದ, ಎಣಿಕೆಗೆ ಸಿಗದ ಆರು ಚಮಚ ಎಣ್ಣೆಯೆಂದರೆ 270. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಇದ್ದರೆ, ನೀರು ಹೀರಿಕೊಂಡ ನೂರು ಗ್ರಾಂ ಅನ್ನದಲ್ಲಿ ಸುಮಾರು 130 ಮಾತ್ರ ಇರುತ್ತದೆ. ಮುದ್ದೆಯ ವಿಷಯದಲ್ಲಿ ಅದರ ಗಾತ್ರಕ್ಕಿಂತ ಬಳಸಿದ ರಾಗಿ ಹಿಟ್ಟಿನ ತೂಕವನ್ನು ತಿಳಿಯುವುದು ಉಪಯುಕ್ತ. ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 320 ಕಿಲೊಕ್ಯಾಲೊರಿ ಇರುತ್ತದೆ.

ಅಂದಾಜನ್ನು ತಿದ್ದಿಕೊಳ್ಳುವ ಕ್ರಮ

ಬೆಳಗ್ಗೆ ಒಂದೇ ಹೊತ್ತಿನಲ್ಲಿ ತೂಕ ನೋಡಿ, ವಾರದ ಸರಾಸರಿಯನ್ನು ಹಿಂದಿನ ವಾರಗಳದ್ದರೊಂದಿಗೆ ಹೋಲಿಸಬೇಕು. ಮೊದಲ ವಾರದ ಇಳಿಕೆಯಲ್ಲಿ ನೀರಿನ ಪಾಲು ಹೆಚ್ಚು. ಋತುಚಕ್ರದಿಂದಲೂ ತೂಕ ಏರಿಳಿಯುವುದರಿಂದ ಮಹಿಳೆಯರು ನಾಲ್ಕು ವಾರಗಳ ಅಂತರದಲ್ಲಿ ಹೋಲಿಸುವುದು ಲೇಸು. ಸರಾಸರಿಯು ಸ್ಥಿರವಾಗಿದ್ದರೆ ಆಗಿನ ಸೇವನೆಯೇ ಆ ವ್ಯಕ್ತಿಯ ನಿಜವಾದ ವ್ಯಯಕ್ಕೆ ಸಮೀಪವೆಂದು ತಿಳಿದು, ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಬಹುದು.

ಎಚ್ಚರಿಕೆಗಳು

ಅತಿಯಾದ ಕಡಿತ ಅಪಾಯಕಾರಿ. ಆನ್ಸೆಲ್ ಕೀಸ್ ನೇತೃತ್ವದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ನಡೆದ ಪ್ರಯೋಗದಲ್ಲಿ 36 ಆರೋಗ್ಯವಂತ ಪುರುಷರು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ತೂಕದೊಂದಿಗೆ ಚಯಾಪಚಯವೂ ಕುಸಿದು, ಆಯಾಸ, ಖಿನ್ನತೆ ಹಾಗೂ ಆಹಾರದ ಬಗೆಗಿನ ನಿರಂತರ ಚಿಂತೆ ಕಾಣಿಸಿಕೊಂಡವು. ದಿನಕ್ಕೆ 800 ಕಿಲೊಕ್ಯಾಲೊರಿ ಅಥವಾ ಅದಕ್ಕಿಂತ ಕಡಿಮೆಯ ಆಹಾರಕ್ರಮವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಅನುಸರಿಸಬೇಕು. ಇನ್ಸುಲಿನ್ ಅಥವಾ ರಕ್ತದ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಬಳಸುವ ಮಧುಮೇಹಿಗಳು ಔಷಧಿಯ ಪ್ರಮಾಣ ಬದಲಿಸದೆ ಆಹಾರ ಕಡಿಮೆ ಮಾಡಿದರೆ ಸಕ್ಕರೆಯ ಮಟ್ಟ ಅಪಾಯಕರವಾಗಿ ಕುಸಿಯಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಮತ್ತು ಆಹಾರ ಸೇವನೆಗೆ ಸಂಬಂಧಿಸಿದ ಮಾನಸಿಕ ಕಾಯಿಲೆಯುಳ್ಳವರಿಗೆ ಈ ಸೂತ್ರಗಳ ಆಧಾರದ ಕಡಿತ ಸೂಕ್ತವಲ್ಲ.